ಆರು ತೋಟ, ಒಂದು ಶೀಟ್: ನಾಲ್ಕು ಮಳೆಗಾಲ ಬಳಸಿದ ಮೇಲೆ

ಮೂಡಿಗೆರೆ, ಆಲ್ದೂರು, ಕಳಸ ಮತ್ತು ಹಾನುಬಾಳಿನ ಸುತ್ತಮುತ್ತ ಕಾಫಿ ತೋಟವಿರುವ ನಾವು ಆರು ಮನೆಯವರು ನಾಲ್ಕು ವರ್ಷಗಳಿಂದ ಮಳೆಯ ಲೆಕ್ಕವನ್ನು ಒಂದೇ ಆನ್‌ಲೈನ್ ಶೀಟ್‌ನಲ್ಲಿ ಇಡುತ್ತಿದ್ದೇವೆ. ಯಾವ ಕಂಪನಿಯದು ಎಂದು ಬರೆಯುವ ಅಗತ್ಯ ಕಾಣುವುದಿಲ್ಲ. ಎಲ್ಲರೂ ಒಟ್ಟಿಗೆ ತೆರೆದು ಬರೆಯಬಹುದಾದ, ದುಡ್ಡು ಕೊಡಬೇಕಿಲ್ಲದ ಸಾಮಾನ್ಯ ಶೀಟ್ ಅದು. ಚಂದಾ ಕಟ್ಟುವ ಆ್ಯಪ್‌ಗಳನ್ನೂ ವಿಚಾರಿಸಿದ್ದೆವು. ಆದರೆ ಆಳಿನ ಕೂಲಿ, ಗೊಬ್ಬರ, ಡೀಸೆಲ್‌ಗೇ ಹಣ ಹೊಂದಿಸಬೇಕಾದ ವರ್ಷಗಳಲ್ಲಿ ಮಳೆಯ ಲೆಕ್ಕಕ್ಕೆ ಬೇರೆ ಖರ್ಚು ಮಾಡಲು ಯಾರೂ ಒಪ್ಪಲಿಲ್ಲ.

ಈ ಲೆಕ್ಕ ಒಟ್ಟಿಗೆ ಬೇಕಾದದ್ದು ಸ್ಪ್ರಿಂಕ್ಲರ್‌ನಿಂದಾಗಿ. ನಮ್ಮಲ್ಲಿ ಮೂವರ ನಡುವೆ ಇರುವುದು ಒಂದೇ ಪಂಪು ಮತ್ತು ಒಂದೇ ಜೊತೆ ಪೈಪುಗಳು. ರೋಬಸ್ಟಾ ಕಾಫಿ ಸರಿಯಾಗಿ ಹೂ ಬಿಡಬೇಕಾದರೆ ಫೆಬ್ರವರಿ–ಮಾರ್ಚ್‌ನಲ್ಲಿ ಇಂಚಿನಷ್ಟು ಹೂಮಳೆ ಆಗಬೇಕು, ಅಂದರೆ ನಮ್ಮ ಕಡೆಯ ಲೆಕ್ಕದಲ್ಲಿ ನೂರು ಸೆಂಟ್ಸ್. ಕಡಿಮೆ ಬಿದ್ದ ತೋಟಕ್ಕೆ ನೀರು ಹೊಡೆದು ಅದನ್ನು ತುಂಬಿಕೊಡಬೇಕು, ಅದೂ ತಡಮಾಡದೆ. ಒಂದೇ ಸಂಜೆ ನಮ್ಮಲ್ಲಿ 90 ಸೆಂಟ್ಸ್ ಸುರಿದು, ಐದು ಕಿಲೋಮೀಟರ್ ಆಚೆ 20 ಸೆಂಟ್ಸ್‌ಗೆ ನಿಂತುಬಿಡುವುದು ಇಲ್ಲಿ ಹೊಸದೇನಲ್ಲ. ಮೊದಲೆಲ್ಲ ಪೈಪು ಯಾರ ತೋಟಕ್ಕೆ ಮುಂಚೆ ಹೋಗಬೇಕು ಎಂಬುದನ್ನು ಹತ್ತಾರು ಫೋನ್ ಕರೆಗಳಲ್ಲಿ, ಒಮ್ಮೊಮ್ಮೆ ಮುನಿಸಿನಲ್ಲಿ ತೀರ್ಮಾನಿಸುತ್ತಿದ್ದೆವು. ಈಗ ಅಂಕಿಯನ್ನು ಆರೂ ಮನೆಯವರು ನೋಡುವುದರಿಂದ ವಾದಕ್ಕೆ ಎಡೆಯಿಲ್ಲ.

ನನಗೆ ಈ ಶೀಟ್ ಪ್ರಿಯವಾದದ್ದು ಬೆಳಗಿನ ಎಂಟೂವರೆಯ ಹೊತ್ತಿನಿಂದ. ಕಣದ ಪಕ್ಕದ ಮಳೆಮಾಪಕದಿಂದ ನೀರನ್ನು ಅಳತೆಯ ಗಾಜಿಗೆ ಬಗ್ಗಿಸಿ, ಗಾಜನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಗೆರೆ ನೋಡಿ, ಮೊದಲು ಪುಸ್ತಕದಲ್ಲಿ ಬರೆದು, ಆಮೇಲೆ ಜಗಲಿಯಲ್ಲಿ ಕಾಫಿ ಲೋಟ ಇಟ್ಟುಕೊಂಡು ಶೀಟ್ ತೆರೆಯುತ್ತೇನೆ. ಶೀಟ್‌ನಲ್ಲಿ ಕಳಸದ ಅಂಕಿ ಬರೆಯುವ ಚೌಕದ, ಅಂದರೆ ಕೋಣೆಯ, ಸುತ್ತ ಹಸಿರು ಗೆರೆ ಮೂಡುತ್ತದೆ, ಅಲ್ಲಿ ಯಾರೋ ಬರೆಯುತ್ತಿದ್ದಾರೆ. ಸ್ವಲ್ಪ ಹೊತ್ತಿನಲ್ಲಿ ಆಲ್ದೂರಿನ ಕೋಣೆಗೆ ನೇರಳೆ ಗೆರೆ ಬರುತ್ತದೆ. ಮಾತಿಲ್ಲದೆಯೇ ಆರೂ ಮನೆಯವರು ಎದ್ದು ಅಳತೆ ಮುಗಿಸಿದ್ದಾರೆ ಎಂದು ತಿಳಿಯುವ ಈ ಐದು ನಿಮಿಷಗಳು ನನಗೆ ದಿನಪತ್ರಿಕೆಗಿಂತ ಹೆಚ್ಚಿನವಾಗಿವೆ.

ಎರಡನೆಯ ಮಳೆಗಾಲಕ್ಕೆ ಈ ಸಂತೋಷ ಕುಂದಿತು. ಜೂನ್ ಮೊದಲ ವಾರ ತುಂಬಿದ್ದ ಕೋಣೆಗಳು ಜುಲೈ ಹೊತ್ತಿಗೆ ಖಾಲಿ ಬೀಳತೊಡಗಿದವು. ನಾನು ಮೊದಲು ನೆಟ್‌ವರ್ಕ್ ಮೇಲೆ ತಪ್ಪು ಹೊರಿಸಿದೆ. ಕರೆಂಟು ಹೋಗಿ ಟವರಿನ ಬ್ಯಾಟರಿಯೂ ಇಳಿದರೆ ಎರಡು ಮೂರು ದಿನ ಸಿಗ್ನಲ್ ಇರುವುದಿಲ್ಲ ಎಂಬುದು ನಿಜ. ಆದರೆ ಆಫ್‌ಲೈನ್‌ನಲ್ಲಿ ಬರೆದದ್ದು ಸಂಪರ್ಕ ಬಂದೊಡನೆ ತಾನೇ ಸೇರಿಕೊಳ್ಳುವಂತೆ ಮಾಡಿಟ್ಟ ಮೇಲೂ ಕೋಣೆಗಳು ತುಂಬಲಿಲ್ಲ. ಕಾರಣ ತಿಳಿದದ್ದು ನಮ್ಮ ತೋಟದ ಲೆಕ್ಕ ಬರೆಯುವ ರೈಟರನ್ನು ಕೇಳಿದಾಗ. ನಾನು ಊರಲ್ಲಿಲ್ಲದ ದಿನ ಅಳೆಯುವವರು ಅವರೇ, ಉಳಿದ ತೋಟಗಳಲ್ಲಂತೂ ಪ್ರತಿದಿನವೂ ರೈಟರುಗಳೇ ಅಳೆಯುತ್ತಾರೆ. “ಪುಸ್ತಕದಲ್ಲಿ ಬರೆದೇ ಇದ್ದೀನಲ್ಲ ಸಾರ್, ಅದನ್ನೇ ಮತ್ತೆ ಫೋನಲ್ಲಿ ಯಾಕೆ ಬರೀಬೇಕು?” ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.

ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಮಗಳಿಗೆ ಇದನ್ನು ಹೇಳಿದಾಗ ಅವಳು ಆಶ್ಚರ್ಯಪಡಲಿಲ್ಲ. ಜನ ಗುಂಪಾಗಿ ಮಾಡುವ ಕೆಲಸಕ್ಕೆ ಕಂಪ್ಯೂಟರ್ ಹೇಗೆ ನೆರವಾಗಬಹುದು ಎಂಬುದನ್ನೇ ಅಭ್ಯಸಿಸುವ ಒಂದು ಶಾಖೆಯಿದೆಯಂತೆ. ಅದಕ್ಕೆ ಹೆಸರು ಬಿದ್ದದ್ದು 1984ರಲ್ಲಿ, ಕಂಪ್ಯೂಟರ್ ಸಂಶೋಧಕರಾದ ಐರೀನ್ ಗ್ರೈಫ್ ಮತ್ತು ಪಾಲ್ ಕ್ಯಾಶ್‌ಮನ್ ಕರೆದ ಕಾರ್ಯಾಗಾರದ ಸಂದರ್ಭದಲ್ಲಿ. ಇಂಥ ವ್ಯವಸ್ಥೆಗಳು ಯಾಕೆ ಸೋಲುತ್ತವೆ ಎಂದು 1988ರಲ್ಲಿ ಅದೇ ಶಾಖೆಯ ಸಂಶೋಧಕ ಜೊನಾಥನ್ ಗ್ರುಡಿನ್ ವಿಚಾರಿಸಿದಾಗ ಮುಂದಿಟ್ಟ ಕಾರಣಗಳಲ್ಲಿ ಒಂದು, ಹೆಚ್ಚುವರಿ ದುಡಿಮೆ ಒಬ್ಬರ ಪಾಲಿಗೂ ಅದರ ಲಾಭ ಇನ್ನೊಬ್ಬರ ಪಾಲಿಗೂ ಬೀಳುವುದು. ಕಚೇರಿಯ ಹಂಚಿಕೆ ಕ್ಯಾಲೆಂಡರನ್ನು ಅವರು ಉದಾಹರಣೆಯಾಗಿ ಕೊಟ್ಟಿದ್ದರು: ಎಲ್ಲರೂ ತಮ್ಮ ವೇಳೆಯನ್ನು ತುಂಬಬೇಕು, ಉಪಯೋಗವಾಗುವುದು ಸಭೆ ಕರೆಯುವವರಿಗೆ. “ಅಪ್ಪಾ, ಪೈಪಿನ ಸರದಿ ನಿಮಗೆ ಬೇಕು, ರೈಟರಿಗೆ ಅದರಿಂದ ಏನು ಬಂತು?” ಎಂದು ಮಗಳು ಕೇಳಿದಳು. ಮೂವತ್ತು ವರ್ಷ ತೋಟ ನೋಡಿಕೊಂಡ ನನಗೆ ಈ ಪ್ರಶ್ನೆ ಮೊದಲೇ ಹೊಳೆಯಬೇಕಿತ್ತು.

ರೈಟರುಗಳಿಗೆ ತಿಂಗಳ ಕೊನೆಯಲ್ಲಿ ನಿಜವಾದ ಕಷ್ಟವೊಂದಿತ್ತು. ಮೂವತ್ತು ದಿನದ ಸೆಂಟ್ಸ್ ಕೂಡಿ, ವರ್ಷದ ಮೊತ್ತ ತೆಗೆದು, ಹೋದ ವರ್ಷದ ಅದೇ ತಿಂಗಳ ಪಕ್ಕದಲ್ಲಿ ಬರೆದು ಧಣಿಗಳಿಗೆ ಕೊಡಬೇಕಿತ್ತು. ಮಗಳು ಅಲ್ಲಿಂದ, ನಾನೂ ನಮ್ಮ ರೈಟರೂ ಇಲ್ಲಿಂದ, ಎರಡು ಸಂಜೆ ಒಂದೇ ಶೀಟ್ ತೆರೆದು ಫೋನಿನಲ್ಲಿ ಮಾತನಾಡುತ್ತ ಕೂತೆವು. ಅವರು ತಮ್ಮ ರಿಜಿಸ್ಟರಿನ ಕ್ರಮ ಹೇಳಿದರು, ಅವಳು ಅದೇ ಕ್ರಮದಲ್ಲಿ ಎರಡನೆಯ ಹಾಳೆ ಕಟ್ಟಿದಳು. ಈಗ ದಿನದ ಅಂಕಿ ಹಾಕಿದರೆ ತಿಂಗಳ ವರದಿ ಸಿದ್ಧವಾಗಿರುತ್ತದೆ. ಇಂಚು, ಸೆಂಟ್ಸ್, ಮಿಲಿಮೀಟರ್ ಬೆರೆತು ಆಗುತ್ತಿದ್ದ ಗೊಂದಲವನ್ನೂ ರೈಟರೇ ಬಗೆಹರಿಸಿದರು: ಕೋಣೆಯಲ್ಲಿ ಸೆಂಟ್ಸ್ ಮಾತ್ರ, ಉಳಿದದ್ದನ್ನು ಶೀಟ್ ಲೆಕ್ಕ ಹಾಕಲಿ. ಆ ತಿಂಗಳಿಂದ ಖಾಲಿ ಕೋಣೆ ಅಪರೂಪವಾಯಿತು.

ಹೊಸಬರು ತಿಳಿದಿರಬೇಕಾದ ಅಪಾಯವೊಂದಿದೆ. ಒಬ್ಬರು ಅತಿ ಹೆಚ್ಚು ಮಳೆಯ ದಿನ ಹುಡುಕಲು ಒಂದೇ ಕಾಲಮ್ಮನ್ನು ಇಳಿಕೆಯ ಕ್ರಮದಲ್ಲಿ ಜೋಡಿಸಿದರು. ತಾರೀಖುಗಳು ಇದ್ದಲ್ಲೇ ಉಳಿದು ಮಳೆ ಮಾತ್ರ ಜಾಗ ಬದಲಿಸಿತು, ಜನವರಿಯಲ್ಲಿ ನಾಲ್ಕು ಇಂಚು ಕಂಡಿತು. ಶೀಟ್‌ನ ಹಳೆಯ ಆವೃತ್ತಿಗೆ ಮರಳಿ, ಆಮೇಲಿನ ಮೂರು ದಿನದ ಅಂಕಿಗಳನ್ನು ಪುಸ್ತಕ ನೋಡಿ ತುಂಬಿದೆವು. ಹಳೆಯ ಸಾಲುಗಳಿಗೆ ಈಗ ಬೀಗ ಹಾಕಿದ್ದೇವೆ, ಪುಸ್ತಕವನ್ನೂ ಬಿಟ್ಟಿಲ್ಲ.

ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಚಿಕ್ಕ ಫೋನಿನಲ್ಲಿ ಕೋಣೆ ಹುಡುಕುವುದು ವಯಸ್ಸಾದವರ ಕಣ್ಣಿಗೆ ಶ್ರಮವಾಗುವುದರಿಂದ ಒಂದು ಅಂಕ ಕಳೆದಿದ್ದೇನೆ. ಕಳೆದ ಜುಲೈಯಲ್ಲಿ ಕಳಸದ ಕೋಣೆ ಒಂದು ದಿನ ಮತ್ತೆ ಖಾಲಿಯಿತ್ತು. ಆದರೆ ಅದರ ಮೂಲೆಯಲ್ಲಿ ಟಿಪ್ಪಣಿಯ ಗುರುತಿತ್ತು. ಒತ್ತಿದರೆ, “ಹಳ್ಳ ದಾಟಲು ಆಗಲಿಲ್ಲ, ನಾಳೆ ಎರಡು ದಿನದ್ದು ಸೇರಿಸಿ ಹಾಕುತ್ತೇನೆ” ಎಂದು ಅಲ್ಲಿಯ ರೈಟರು ಬರೆದಿದ್ದರು. ಮರುದಿನ ಎಂಟೂವರೆಗೆ ಹಸಿರು ಗೆರೆ ಮೂಡಿ, 640 ಎಂದು ತುಂಬಿತು.