ರಾಮ್‌ಕಾಮ್‌ಗೆ ಮರಳುವವರಿಗೆ: ‘ದಿ ಜೋಯಾ ಫ್ಯಾಕ್ಟರ್’

ರಾಮ್‌ಕಾಮ್ ಅಂದರೆ ಪ್ರೇಮ-ಹಾಸ್ಯ ಕಾದಂಬರಿಗಳನ್ನು ಕಾಲೇಜಿನ ಜೊತೆಗೇ ಬಿಟ್ಟವರು ಮತ್ತೆ ಶುರು ಮಾಡಲು ಅನುಜಾ ಚೌಹಾಣ್ ಅವರ 2008ರ ಈ ಇಂಗ್ಲಿಷ್ ಕಾದಂಬರಿ ಒಳ್ಳೆಯ ಆಯ್ಕೆ. ಭಾರತ 1983ರ ಕ್ರಿಕೆಟ್ ವಿಶ್ವಕಪ್ ಗೆದ್ದ ಗಳಿಗೆಯಲ್ಲೇ ಹುಟ್ಟಿದವಳು ಜೋಯಾ, ಕೆಲಸ ಜಾಹೀರಾತು ಸಂಸ್ಥೆಯಲ್ಲಿ. ಅವಳ ಜೊತೆ ತಿಂಡಿ ತಿಂದ ದಿನ ಭಾರತ ತಂಡಕ್ಕೆ ಗೆಲುವು. ನಾಯಕ ನಿಖಿಲ್ ಖೋಡಾಗೆ ಅದೃಷ್ಟದಲ್ಲಿ ನಂಬಿಕೆಯೇ ಇಲ್ಲ. ಇಬ್ಬರ ಜಗಳಕ್ಕೆ ಇಷ್ಟು ಗಟ್ಟಿ ಕಾರಣ ಇರುವುದರಿಂದಲೇ ಪ್ರೇಮವೂ ನಂಬುವಂತಿದೆ. ಒಂದು ಫೋನ್ ಕರೆಯಲ್ಲಿ ಬಗೆಹರಿಯುವ ತಪ್ಪು ತಿಳಿವಳಿಕೆಯನ್ನು ನೂರು ಪುಟ ಎಳೆದೇ ಈ ಪ್ರಕಾರದ ಎಷ್ಟೋ ಪುಸ್ತಕಗಳು ಸೋಲುತ್ತವೆ. ಲೇಖಕಿ ಸ್ವತಃ ಜಾಹೀರಾತು ರಂಗದವರು. ಶೂಟಿಂಗ್ ಗಡಿಬಿಡಿ, ಕ್ಲೈಂಟ್ ಕಿರಿಕಿರಿ ಅದಕ್ಕೇ ಸಾಚಾ. ಸುಮಾರು 500 ಪುಟ ಮಾತ್ರ ಜಾಸ್ತಿಯೇ, ನಡುವೆ ಪಂದ್ಯಗಳು ಎಳೆಯುತ್ತವೆ. ದೆಹಲಿ ಹಿಂದಿಯೂ ಧಾರಾಳ. ಅದು ಗೊತ್ತಾಗದಿದ್ದರೆ ಅರ್ಧ ನಗು ಹೋಯಿತು. 2019ರ ಸಿನಿಮಾ ಆಮೇಲೆ ನೋಡಿ: ಕಥೆ ಜೋಯಾಳ ಬಾಯಲ್ಲೇ ಇರುವುದರಿಂದ ತಮಾಷೆ ಪುಟದಲ್ಲೇ ಹೆಚ್ಚು.