ಸೆಫ್ ಕ್ಲಸ್ಟರ್: ನಡೆಯುತ್ತಿರುವಾಗಲೇ ಸರ್ವರ್ ಬದಲಾಯಿಸಬಹುದಾ?

ಬದಲಾಯಿಸಬಹುದು. ಸೆಫ್ ಅಂದರೆ ಹಲವು ಸರ್ವರ್‌ಗಳ ಡಿಸ್ಕ್‌ಗಳನ್ನು ಸೇರಿಸಿ ಒಂದೇ ಸ್ಟೋರೇಜ್ ಮಾಡುವ ಸಾಫ್ಟ್‌ವೇರ್. ನಾವು ಹಳೇ ಸರ್ವರ್‌ಗಳನ್ನು ಒಂದೊಂದಾಗಿ ತೆಗೆದು ಹೊಸವನ್ನು ಕೂರಿಸಿದೆವು. ಸ್ಟೋರೇಜ್ ನಿಲ್ಲಲಿಲ್ಲ, ಬಳಸುವವರಿಗೆ ಸುಳಿವೂ ಸಿಗಲಿಲ್ಲ. ಸೆಫ್‌ಗೆ ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ.

ನನಗೆ ತುಂಬಾ ಹಿಡಿಸಿದ್ದು ಅದು ಲೆಕ್ಕ ಇಡುವ ರೀತಿ. ಮೂರು ಪ್ರತಿ ಇಡುವ ಪೂಲ್ (ಡೇಟಾ ಇಡುವ ವಿಭಾಗ) ಇದೆ ಅಂದುಕೊಳ್ಳಿ. ಹಳೇ ಸರ್ವರನ್ನು ಸುಮ್ನೆ ಆಫ್ ಮಾಡಿದರೆ ಅದರಲ್ಲಿದ್ದ ಡೇಟಾಕ್ಕೆ ಉಳಿಯುವುದು ಎರಡೇ ಪ್ರತಿ. ಸ್ಟೇಟಸ್‌ನಲ್ಲಿ ಅದು 'ಡಿಗ್ರೇಡೆಡ್' ಅಂತ ಬರುತ್ತದೆ. ಅದೇ ಹೊತ್ತಿಗೆ ಬೇರೆ ಸರ್ವರ್‌ನ ಡಿಸ್ಕ್ ಕೈಕೊಟ್ಟರೆ ಕೆಲವು ಭಾಗಕ್ಕೆ ಒಂದೇ ಪ್ರತಿ ಉಳಿಯುತ್ತದೆ. ಮಿನ್-ಸೈಜ್ (ಕೆಲಸ ನಡೆಯಲು ಇರಲೇಬೇಕಾದ ಕನಿಷ್ಠ ಪ್ರತಿ) 2 ಇದ್ದರೆ ಆ ಭಾಗದಲ್ಲಿ ಓದುವುದೂ ನಿಂತಿತು, ಬರೆಯುವುದೂ ನಿಂತಿತು. ಅದರ ಬದಲು ಸರ್ವರ್ ಆನ್ ಇರುವಾಗಲೇ ಖಾಲಿ ಮಾಡಿಸಿದರೆ 'ಮಿಸ್‌ಪ್ಲೇಸ್ಡ್' ಅಂತಷ್ಟೇ ತೋರಿಸುತ್ತದೆ. ಮೂರೂ ಪ್ರತಿ ಭದ್ರವಾಗಿವೆ, ಜಾಗ ಮಾತ್ರ ಬದಲಾಗಬೇಕು. ಹೊಸ ಮನೆಗೆ ಸಾಮಾನು ಸೇರುವವರೆಗೆ ಹಳೇ ಮನೆಯ ಕೀ ವಾಪಸ್ ಕೊಡುವುದಿಲ್ಲ, ಅಲ್ವಾ? ಹಾಗೇ.

ಇಲ್ಲೊಂದು ಸೂಕ್ಷ್ಮ ಇದೆ. ಒಂದೊಂದು ಡಿಸ್ಕನ್ನೂ ನೋಡಿಕೊಳ್ಳುವ ಸೆಫ್ ಪ್ರೋಗ್ರಾಂಗೆ ಓಎಸ್‌ಡಿ ಅನ್ನುತ್ತಾರೆ. ಯಾವ ಡೇಟಾ ಎಲ್ಲಿರಬೇಕು ಅಂತ ಲೆಕ್ಕ ಹಾಕುವ ನಕ್ಷೆ ಕ್ರಷ್ ಮ್ಯಾಪ್, ಅದರಲ್ಲಿ ತೂಕ ಅಂದರೆ ಹೊರಬೇಕಾದ ಡೇಟಾದ ಪಾಲು. ಓಎಸ್‌ಡಿಯನ್ನು 'ಔಟ್' ಮಾಡಿದರೆ ಡೇಟಾ ಹೊರಡುತ್ತದೆ ನಿಜ, ಆದರೆ ಕ್ರಷ್ ಮ್ಯಾಪ್‌ನಲ್ಲಿ ಆ ಸರ್ವರ್‌ನ ತೂಕ ಹಾಗೇ ಇರುತ್ತದೆ. ಆಮೇಲೆ ಮ್ಯಾಪ್‌ನಿಂದ ತೆಗೆದಾಗ ತೂಕ ಬದಲಾಗಿ ಡೇಟಾ ಮತ್ತೊಂದು ಸುತ್ತು ಓಡಾಡುತ್ತದೆ. ಮೊದಲೇ ಕ್ರಷ್ ತೂಕ ಸೊನ್ನೆ ಮಾಡಿದರೆ ಒಂದೇ ಓಡಾಟ. ಹೊಸ ಸರ್ವರ್ ಸೇರಿಸಿದ ಮೇಲೇ ಹಳೇದನ್ನು ಖಾಲಿ ಮಾಡಿ. ಇಲ್ಲದಿದ್ದರೆ ಎಲ್ಲ ಭಾರ ಉಳಿದ ಡಿಸ್ಕ್‌ಗಳ ಮೇಲೆ. ಡೀಫಾಲ್ಟ್ ಮಿತಿಯಂತೆ 90% ತುಂಬಿದ ಓಎಸ್‌ಡಿ ಬ್ಯಾಕ್‌ಫಿಲ್ (ಬೇರೆ ಕಡೆಯಿಂದ ಸಾಗಿ ಬರುವ ಡೇಟಾ) ತೆಗೆದುಕೊಳ್ಳುವುದಿಲ್ಲ, 95% ಮುಟ್ಟಿದರೆ ಬರೆಯುವುದೇ ಬಂದ್.

ಎಲ್ಲ ಆದಮೇಲೆ 'ಸೇಫ್-ಟು-ಡಿಸ್ಟ್ರಾಯ್' ಕಮಾಂಡ್ ಕೊಟ್ಟು, ತೆಗೆದರೆ ಡೇಟಾಕ್ಕೆ ಅಪಾಯ ಇಲ್ಲವಾ ಅಂತ ಕೇಳಬೇಕು. ಅದು ಹೌದು ಅನ್ನುವವರೆಗೆ ನಾನಂತೂ ಪವರ್ ಕೇಬಲ್ ಮುಟ್ಟುವುದಿಲ್ಲ. 'ಓಕೆ-ಟು-ಸ್ಟಾಪ್' ಬೇರೆ. ಸದ್ಯಕ್ಕೆ ನಿಲ್ಲಿಸಿದರೆ ಡೇಟಾ ಸಿಗುತ್ತಿರುತ್ತದಾ ಅಂತಷ್ಟೇ ಅದು ಹೇಳುತ್ತದೆ. ಬರೀ ರ‍್ಯಾಮ್ ಬದಲಾಯಿಸುವಂಥ ಕೆಲಸಕ್ಕೆ ಅದು ಸಾಕು, ಜೊತೆಗೆ 'ನೋಔಟ್' ಫ್ಲ್ಯಾಗ್ ಹಾಕಿರಿ. ಇಲ್ಲದಿದ್ದರೆ 600 ಸೆಕೆಂಡ್ ಕಳೆದ ಮೇಲೆ ಸೆಫ್ ತಾನೇ ಔಟ್ ಮಾಡಿ ಡೇಟಾ ಸಾಗಿಸಲು ಶುರುಮಾಡುತ್ತದೆ. ಕೆಲಸ ಮುಗಿದ ಕೂಡಲೇ ಆ ಫ್ಲ್ಯಾಗ್ ತೆಗೆಯಿರಿ.

ಇನ್ನು ಕಳೆದ ಆ ಒಂದು ಅಂಕ. 2022ರ ಕ್ವಿನ್ಸಿ ಆವೃತ್ತಿಯಿಂದ ಎಂಕ್ಲಾಕ್ ಶೆಡ್ಯೂಲರ್ (ಬಳಸುವವರ ಕೆಲಸಕ್ಕೂ ಡೇಟಾ ಸಾಗಾಟಕ್ಕೂ ಡಿಸ್ಕ್ ವೇಗ ಹಂಚುವ ಭಾಗ) ಡೀಫಾಲ್ಟ್. ಹಳೇ ಗೈಡ್‌ಗಳು ಹೇಳುವ ಹಾಗೆ ಬ್ಯಾಕ್‌ಫಿಲ್ ಸಂಖ್ಯೆ ಏರಿಸಿದರೆ ಅದು ಕ್ಯಾರೇ ಅನ್ನುವುದಿಲ್ಲ. ಎಂಕ್ಲಾಕ್‌ನ ಪ್ರೊಫೈಲ್ ಬದಲಾಯಿಸಬೇಕು, ಇಲ್ಲವೇ ಓವರ್‌ರೈಡ್ ಸೆಟ್ಟಿಂಗ್ ಆನ್ ಮಾಡಬೇಕು. ಸಾಗಾಟ ಮುಗಿಯಲು ಬಾಕಿ ಇರುವ ಸಮಯದ ಅಂದಾಜನ್ನೂ ಸೆಫ್ ತೋರಿಸುತ್ತದೆ. ಅದನ್ನು ನಂಬಿ ಯಾರಿಗೂ ಮಾತು ಕೊಡಬೇಡಿ.

ಹಾಂ, ತೆಗೆಯುವ ಸರ್ವರ್‌ನಲ್ಲಿ ಮಾನಿಟರ್ (ಪರದೆಯಲ್ಲ, ಕ್ಲಸ್ಟರ್‌ನ ಸ್ಥಿತಿಯ ಲೆಕ್ಕ ಇಡುವ ಸೆಫ್ ಪ್ರೋಗ್ರಾಂ) ಇದೆಯಾ ನೋಡಿ. ಇದ್ದರೆ ಮೊದಲು ಬೇರೆ ಕಡೆ ಹೊಸ ಮಾನಿಟರ್ ಏಳಿಸಿ, ಅದು ಕ್ವೋರಮ್‌ಗೆ (ನಿರ್ಧಾರ ಮಾಡುವ ಮಾನಿಟರ್‌ಗಳ ಬಹುಮತದ ಗುಂಪು) ಸೇರಿದ ಮೇಲೆ ಹಳೇದನ್ನು ತೆಗೆಯಿರಿ.