ಸ್ಪೈಡರ್‌ಗೆ ದಪ್ಪ ಸ್ವೇ ಬಾರ್ ಕಿಟ್: ಘಾಟಿಗೆ ಒಳ್ಳೆಯದೇ, ಸಂದು ಅಳೆದು ಹಾಕಿದರೆ

ಮುಂದೆ ಎರಡು, ಹಿಂದೆ ಒಂದು ಚಕ್ರದ ಕ್ಯಾನ್-ಆಮ್ ಸ್ಪೈಡರ್ ಶಿವಮೊಗ್ಗದ ರಸ್ತೆಗಿಳಿದರೆ ‘ಆಟೋನ ಹಿಂದುಮುಂದು ಮಾಡಿದಾರೆ’ ಅನ್ನುವವರೇ ಹೆಚ್ಚು. ಓಡಿಸುವವರ ತಕರಾರು ಬೇರೆ. ಬೈಕ್ ತಿರುವಿನ ಒಳಕ್ಕೆ ಬಾಗುತ್ತದೆ, ಇದು ಹೊರಕ್ಕೆ ವಾಲುತ್ತದೆ. ಆಗುಂಬೆ ಘಾಟಿಯ 14 ಹೇರ್‌ಪಿನ್‌ಗಳಲ್ಲಿ ಸ್ವಲ್ಪ ಜೋರಾಗಿ ತಿರುಗಿಸಿದರೆ ಒಳಗಿನ ಚಕ್ರ ಹಗುರಾಗಿ, ಸ್ಟೆಬಿಲಿಟಿ ಸಿಸ್ಟಮ್ ಮಧ್ಯೆ ಬಂದು ಎಂಜಿನ್ ಪವರ್ ಕಡಿದುಬಿಡುತ್ತದೆ.

ಮುಂದಿನ ಎರಡು ಚಕ್ರಗಳ ಸಸ್ಪೆನ್ಷನ್‌ಗೆ ಅಡ್ಡಲಾಗಿ ಕೂತು, ತಿರುಚಿಕೊಂಡು ವಾಲುವುದನ್ನು ತಡೆಯುವ ಸರಳೇ ಸ್ವೇ ಬಾರ್. ಹೊರಗಿನ ಕಂಪನಿಗಳ ದಪ್ಪ ಸ್ವೇ ಬಾರ್ ಕಿಟ್ ಈ ವಾಲಾಟವನ್ನು ನಿಜಕ್ಕೂ ಕಡಿಮೆ ಮಾಡುತ್ತದೆ. ಎರಡೂ ಗಟ್ಟಿ ಸರಳುಗಳಾದರೆ, ವ್ಯಾಸ 10% ಹೆಚ್ಚಿದಾಗ ತಿರುಚಿಗೆ ಎದುರು ನಿಲ್ಲುವ ಬಲ ಸುಮಾರು 46% ಏರುತ್ತದೆ. ಆದರೆ ದಪ್ಪ ಸರಳಿಗೆ ಜಾಗವೂ ಬೇಕಲ್ಲ! ಬಾರ್ ತುದಿಯನ್ನು ಎ-ಆರ್ಮ್‌ಗೆ (ಚಕ್ರವನ್ನು ಫ್ರೇಮ್‌ಗೆ ಹಿಡಿಯುವ ತೋಳು) ಜೋಡಿಸಲು ಕಿಟ್ ಜೊತೆ ಬರುವ ಲಿಂಕ್‌ಗಳ ಬೋಲ್ಟ್ ತಲೆ, ನಟ್ ಕೂಡ ಮೂಲದ್ದಕ್ಕಿಂತ ಹೊರಗೆ ಚಾಚಿರಬಹುದು.

ಗ್ಯಾರೇಜ್‌ಗಳಲ್ಲಿ ನಡೆಯುವ ತಪ್ಪು ಒಂದೇ. ಗಾಡಿ ನೆಲದ ಮೇಲೆ ನಿಂತಾಗ ಬಾರ್ ಮತ್ತು ಫ್ರೇಮ್ ಮಧ್ಯೆ ಬೆರಳು ತೂರಿಸಿ, ‘ಗ್ಯಾಪ್ ಇದೆ’ ಅಂದುಬಿಡುವುದು. ಎರಡೂ ಚಕ್ರ ಒಂದೇ ಎತ್ತರದಲ್ಲಿದ್ದಾಗ ಬಾರ್ ತಿರುಚಿಕೊಂಡಿರುವುದೇ ಇಲ್ಲ. ಒಂದು ಚಕ್ರ ಗುಂಡಿಗೆ ಇಳಿದು ಇನ್ನೊಂದು ಹಂಪ್ ಹತ್ತಿದಾಗಲೇ ತುದಿಗಳು ವಿರುದ್ಧ ದಿಕ್ಕಿಗೆ ಹೋಗಿ ತಾಗುವುದು. ಮಳೆಗಾಲ ಮುಗಿದ ತೀರ್ಥಹಳ್ಳಿ ರಸ್ತೆಯಲ್ಲಿ ಇದು ಮಾಮೂಲು.

ಸರಿಯಾಗಿ ನೋಡಬೇಕಾದರೆ ಫ್ರೇಮ್‌ಗೆ ಜಾಕಿ ಕೊಟ್ಟು ಮುಂದಿನ ಚಕ್ರ ಬಿಚ್ಚಿ, ಎರಡೂ ಶಾಕ್ ಅಬ್ಸಾರ್ಬರ್ (ಶಾಕ್) ತೆಗೆಯಿರಿ. ಅವುಗಳ ಜಾಗಕ್ಕೆ ಎರಡು ತೂತಿನ ಕಬ್ಬಿಣದ ಪಟ್ಟಿ ಹಾಕಬೇಕು: ಒಂದು ಬದಿಗೆ ಶಾಕ್ ಪೂರ್ತಿ ಒತ್ತಿದಾಗಿನ ಉದ್ದದ್ದು, ಇನ್ನೊಂದಕ್ಕೆ ಪೂರ್ತಿ ಬಿಟ್ಟಾಗಿನ ಉದ್ದದ್ದು. ಯಾವ ವೆಲ್ಡಿಂಗ್ ಅಂಗಡಿಯಲ್ಲೂ ಮಾಡಿಕೊಡುತ್ತಾರೆ. ಪಟ್ಟಿ ಇಲ್ಲದೆ ಒಂದೇ ಎ-ಆರ್ಮ್‌ಗೆ ಜಾಕಿ ಕೊಟ್ಟರೆ ಬಾರ್ ಇನ್ನೊಂದನ್ನೂ ಎಳೆದುಕೊಂಡು ಮೇಲೇಳುತ್ತದೆ, ಅಳತೆ ಸುಳ್ಳಾಗುತ್ತದೆ. ಒಂದು ಎಚ್ಚರಿಕೆ: ತಿರುಚಿದ ಬಾರ್‌ನಲ್ಲಿ ಬಲ ತುಂಬಿರುತ್ತದೆ. ಪಟ್ಟಿಯ ಬೋಲ್ಟ್ ಬಿಚ್ಚುವ ಮೊದಲು ಎ-ಆರ್ಮ್ ಕೆಳಗೆ ಜಾಕಿ ಇಟ್ಟು, ನಿಧಾನವಾಗಿ ಇಳಿಸಿ. ಕೈ ಮಧ್ಯೆ ಇರಬಾರದು.

ಬಾರ್ ಬಾಗಿರುವ ಜಾಗಕ್ಕೆ ಎದುರಾಗಿ ಫ್ರೇಮ್ ಮೇಲೆ ಮಕ್ಕಳ ಕ್ಲೇ ಅಥವಾ ಗಟ್ಟಿಯಾಗಿ ಕಲಸಿದ ಗೋಧಿ ಹಿಟ್ಟು ಮೆತ್ತಿ. ಹ್ಯಾಂಡಲ್ ಎಡದ ಕೊನೆಯಿಂದ ಬಲದ ಕೊನೆಯವರೆಗೆ ತಿರುಗಿಸಿ, ಪಟ್ಟಿಗಳನ್ನು ಬದಿ ಬದಲಿಸಿ ಮತ್ತೊಮ್ಮೆ ಅದನ್ನೇ ಮಾಡಿ. ಒತ್ತಿದ ಕ್ಲೇ ಕತ್ತರಿಸಿ ವರ್ನಿಯರ್‌ನಲ್ಲಿ ಅಳೆದರೆ ಲೋಹಕ್ಕೂ ಲೋಹಕ್ಕೂ ಕನಿಷ್ಠ 6 ಮಿ.ಮೀ., ಬ್ರೇಕ್ ಹೋಸ್ ಮತ್ತು ಚಕ್ರದ ಸೆನ್ಸರ್ ವೈರ್‌ಗೆ 12 ಮಿ.ಮೀ. ಉಳಿದಿರಲಿ. ಕೆಂಪು ಕೆಸರು ಮೆತ್ತಿ ಒಣಗಿದರೆ ಇದಕ್ಕಿಂತ ಸಣ್ಣ ಸಂದು ತುಂಬಿಹೋಗುತ್ತದೆ. ಹೋಸ್ ಉಜ್ಜುತ್ತಿದ್ದರೆ ಕೇಬಲ್ ಟೈನಿಂದ ಬಾರ್‌ಗೇ ಕಟ್ಟಿಬಿಡುವ ಬುದ್ಧಿವಂತಿಕೆ ಬೇಡವೇ ಬೇಡ. ಕ್ಲಿಪ್ ಜಾಗ ಬದಲಿಸಿ. ಟೈ ರಾಡ್ (ಹ್ಯಾಂಡಲ್ ತಿರುವನ್ನು ಚಕ್ರಕ್ಕೆ ಮುಟ್ಟಿಸುವ ಸರಳು), ಕೆಳಗಿನ ಪ್ಲಾಸ್ಟಿಕ್ ಕವರ್, ಚಕ್ರ ಹಾಕಿದ ಮೇಲೆ ರಿಮ್‌ನ ಒಳಬದಿ, ಇವನ್ನೂ ನೋಡಿಬಿಡಿ.

ಶಾಕ್ ಮತ್ತೆ ಕೂರಿಸಿದ ಮೇಲೆ ಲಿಂಕ್ ರಾಡ್ ಸ್ಪ್ರಿಂಗ್‌ಗೆ ತಾಗುತ್ತದೆಯೇ ನೋಡಿ. ತಾಗಿದರೆ ಲಿಂಕ್‌ನ ಉದ್ದ ಬದಲಿಸಬೇಡಿ, ಬೋಲ್ಟ್‌ಗೆ ತಕ್ಕ ವಾಷರ್ ಅಥವಾ ಸ್ಪೇಸರ್ ಹಾಕಿ. ಉದ್ದ ಹೊಂದಿಸುವುದು ಕೊನೆಗೆ: ಗಾಡಿ ನೆಲದ ಮೇಲಿದ್ದು, ಸವಾರ ಸೀಟಿನಲ್ಲಿ ಕೂತಿರುವಾಗ, ಕೊನೆಯ ಬೋಲ್ಟ್ ಸುತ್ತಿಗೆ ಇಲ್ಲದೆ ಬೆರಳಿನಲ್ಲೇ ಜಾರಬೇಕು. ಒತ್ತಿ ತೂರಿಸಿದರೆ ನೇರ ರಸ್ತೆಯಲ್ಲೂ ಗಾಡಿ ಒಂದು ಬದಿಗೆ ವಾಲಿಕೊಂಡೇ ಇರುತ್ತದೆ. ಬಿಗಿ ಮಾಡಿದ ಲಿಂಕ್ ಕೈಯಲ್ಲಿ ತಿರುಗಿಸಿದರೆ ಅತ್ತಿತ್ತ ಚೂರು ಆಡಬೇಕು. ಆಡದಿದ್ದರೆ ಎರಡು ತುದಿಯ ಜಾಯಿಂಟ್‌ಗಳು ಒಂದಕ್ಕೊಂದು ಓರೆಯಾಗಿ ಬಿಗಿಯಾಗಿವೆ ಅಂತ ಅರ್ಥ, ಬೋಲ್ಟ್ ಬಾಗುವುದು ಹೀಗೇ.

ಕಿಟ್ ಕೊಳ್ಳುವಾಗ ಉದ್ದ ಹೊಂದಿಸಬಹುದಾದ ಲಿಂಕ್ ಇಲ್ಲದಿದ್ದರೆ, ಅಥವಾ ಜಾಯಿಂಟ್‌ಗಳಿಗೆ ರಬ್ಬರ್ ಬೂಟ್ (ಕೆಸರು-ನೀರು ತಡೆಯುವ ಕವಚ) ಇಲ್ಲದಿದ್ದರೆ ಆ ಕಿಟ್ ಬಿಟ್ಟುಬಿಡಿ. ಬೂಟ್ ಇಲ್ಲದ ಜಾಯಿಂಟ್ ಮಲೆನಾಡಿನ ಮಳೆಗೆ ಬೇಗ ‘ಟಕ್ ಟಕ್’ ಅನ್ನಲು ಶುರುಮಾಡುತ್ತದೆ. ಬಾರನ್ನು ಫ್ರೇಮ್‌ಗೆ ಹಿಡಿಯುವ ಪಾಲಿಯುರೆಥೇನ್ ಬುಷ್‌ಗೆ ಸಿಲಿಕೋನ್ ಗ್ರೀಸ್ ಹಚ್ಚಿ. ದಿನವೂ ಎಸ್ಟೇಟ್‌ನ ಕಚ್ಚಾ ದಾರಿಯಲ್ಲೇ ಓಡಾಡುವವರಿಗಂತೂ ಈ ಖರ್ಚು ದಂಡ. ಒಂದು ಚಕ್ರದ ಪೆಟ್ಟನ್ನು ದಪ್ಪ ಬಾರ್ ಇನ್ನೊಂದಕ್ಕೂ ದಾಟಿಸಿ ಸೊಂಟ ನೋಯಿಸುತ್ತದೆ. ಹಾಕಿಸಿದವರು ನಟ್‌ಗಳ ಮೇಲೆ ಪೇಂಟ್ ಗೆರೆ ಎಳೆದಿಟ್ಟು, 500 ಕಿ.ಮೀ. ಆದ ಮೇಲೆ ಗೆರೆ ಸರಿದಿದೆಯೇ, ಎಲ್ಲಾದರೂ ಹೊಳೆಯುವ ಉಜ್ಜು ಗುರುತು ಬಿದ್ದಿದೆಯೇ ಎಂದು ಟಾರ್ಚ್ ಹಿಡಿದು ನೋಡಿ.